ಜಾಯಿಕಾಯಿಯ ಸುತ್ತು

ಶಿಕಾರಿಪುರ
4-4-2025, ಶುಕ್ರವಾರ, ಮಧ್ಯಾಹ್ನ

ಉಳವಿಯ ನಾದಿನಿ ಗುತ್ಯಮ್ಮನಿಗೆ,

ಕುಬಟೂರಿನ ನಿನ್ನ ಅತ್ತಿಗೆ ಬಂಗಾರಮ್ಮ ಬರೆಯುವುದು. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಸರು ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ. ಪೂರ್ತಿ ಓದು, ಆಮೇಲೆ ಹಾಕು.

ಫೋನ್ ಮಾಡಿ ಎಂದು ಸೊಸೆ ಹೇಳಿದಳು. ಫೋನಿನಲ್ಲಿ ನನ್ನ ಬಾಯಿ ಹೇಗೆ ಎಂದು ನಿನಗೆ ಗೊತ್ತು. ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ನಾನು ನಾಲ್ಕಕ್ಕೆ ಶಾಲೆ ಬಿಟ್ಟವಳು, ನೀನು ಏಳರವರೆಗೆ ಹೋದವಳು. ಒತ್ತು ದೀರ್ಘ ತಪ್ಪಿದ್ದರೆ ನಗು, ಆದರೆ ಓದು.

ನಾನು ಚೌಡೇಶನ ಮನೆಗೆ ಬಂದು ಐದು ದಿನವಾಯಿತು. ಮಗುವನ್ನು ನೋಡಿಕೊಳ್ಳುತ್ತಿದ್ದ ರಜನಿಯ ತಾಯಿಗೆ ಕಣ್ಣಿನ ಪೊರೆ ತೆಗೆಸಿದ್ದಾರೆ, ಒಂದು ವಾರ ಬಗ್ಗುವಂತಿಲ್ಲ, ಎತ್ತುವಂತಿಲ್ಲ. ರಜನಿ ಹೈಸ್ಕೂಲ್ ಟೀಚರ್, ಹತ್ತನೇ ಕ್ಲಾಸಿನ ಪರೀಕ್ಷೆ ನಡೆಯುತ್ತಿದೆ, ರಜೆ ಕೇಳಿದರೆ ಹೆಡ್‌ಮಾಸ್ಟರು ಮುಖ ತಿರುಗಿಸುತ್ತಾರಂತೆ. ಮಗ ಲೈನ್‌ಮನ್. ಉಡುತಡಿ ಕಡೆ ಗಾಳಿಗೆ ಕಂಬ ಉರುಳಿ, ಅವನು ಮನೆಗೆ ಬರುವುದೇ ಸ್ನಾನಕ್ಕೆ. ಹಾಗಾಗಿ ನನ್ನನ್ನು ಕರೆಸಿದರು. ಈ ಮೊಮ್ಮಗಳು ಹುಟ್ಟಿದಾಗಿನಿಂದ ನಾನು ಅವಳ ಹತ್ತಿರ ಒಂದು ಹಗಲಿಗಿಂತ ಹೆಚ್ಚು ನಿಂತವಳಲ್ಲ. ಮೊಣಕಾಲು, ಹಸು, ನೀರು ಬಿಡುವ ದಿನ, ಏನಾದರೊಂದು ಹೇಳಿ ಸಂಜೆ ಬಸ್ಸು ಹತ್ತುತ್ತಿದ್ದೆ. ಈ ಸಲ ನೆವ ಸಿಗಲಿಲ್ಲ.

ಮಗುವಿನ ಹೆಸರು ಗಂಗಾಶ್ರೀ. ನಾಡಿದ್ದು ಭಾನುವಾರಕ್ಕೆ ವರ್ಷ ತುಂಬುತ್ತದೆ. ಬೆಳಗ್ಗೆ ಕುಕ್ಕರ್ ಕೂಗುವುದಕ್ಕೆ ಮೊದಲು ಅವಳು ಕೂಗುತ್ತಾಳೆ. ರಜನಿ ಒಂದು ಕೈಯಲ್ಲಿ ದೋಸೆ ತಿನ್ನುತ್ತ, ಇನ್ನೊಂದು ಕೈಯಲ್ಲಿ ತಲೆ ಬಾಚುತ್ತ, ಕಾಲಿನಲ್ಲಿ ಇವಳನ್ನು ಬಾಗಿಲಿನಿಂದ ಒಳಗೆ ತಳ್ಳುತ್ತ ಹೊರಡುತ್ತಾಳೆ. ಗಂಗಾಶ್ರೀ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ, ಐದನೆಯದಕ್ಕೆ ಕೂರುತ್ತಾಳೆ. ಅಪ್ಪನ ಬೂಟಿನ ದಾರ ಚೀಪುತ್ತಾಳೆ. ಸೋಮವಾರ ತಾಯಿಯ ಕೆಂಪು ಪೆನ್ನು ಕಚ್ಚಿ ಬಾಯಿ, ಗದ್ದ, ಅಂಗಿ ಎಲ್ಲ ಕೆಂಪು ಮಾಡಿಕೊಂಡು ಕೂತಿದ್ದಳು. ನಾನು ರಕ್ತ ರಕ್ತ ಎಂದು ಕೂಗಿ ಓಣಿಯನ್ನೆಲ್ಲ ಸೇರಿಸಿದೆ. ಎದುರು ಮನೆಯವನು ಬಂದು ಬೆರಳಿನಿಂದ ಮುಟ್ಟಿ ನೋಡಿ, “ಅಜ್ಜಿ, ನಿಮ್ಮ ಮೊಮ್ಮಗಳು ಈಗ್ಲೇ ಪೇಪರ್ ತಿದ್ದಾಕೆ ಕೂತಾಳೆ” ಎಂದ. ಎಲ್ಲರೂ ನಕ್ಕರು. ನಾನು ಆ ಅಂಗಿಯನ್ನು ಮೂರು ಸಲ ಒಗೆದೆ.

ಎಚ್ಚರ ಇದ್ದಾಗ ಅವಳನ್ನು ತಡೆದುಕೊಳ್ಳಬಲ್ಲೆ ಗುತ್ಯಮ್ಮ. ಮಲಗಿದಾಗ ಆಗುವುದಿಲ್ಲ.

ಬಾಯಿ ಅರ್ಧ ತೆರೆದು, ಬಲಗೈ ಮಡಚಿ ಕಿವಿಯ ಹತ್ತಿರ ಇಟ್ಟುಕೊಂಡು ಮಲಗುತ್ತಾಳೆ. ನಮ್ಮ ಸುಮಿತ್ರ ಮಲಗುತ್ತಿದ್ದದ್ದು ಹಾಗೇ. ನನ್ನ ಮೊದಲ ಮಗಳು, ವರ್ಷ ತುಂಬಲು ಒಂಬತ್ತು ದಿನ ಇದ್ದಾಗ ಭತ್ತದ ಕೊಯ್ಲಿನಲ್ಲಿ ಹೋದವಳು. ನಲವತ್ತೆರಡು ವರ್ಷದಲ್ಲಿ ಆ ಹೆಸರನ್ನು ನಾನು ಬಾಯಲ್ಲೂ ಅಂದಿಲ್ಲ, ಬರೆದದ್ದಂತೂ ಇದೇ ಮೊದಲು.

ಸೋಮವಾರ ಹನ್ನೊಂದಕ್ಕೆ ಮಗು ಮಲಗಿತು. ನಾನು ಮೂಗಿನ ಕೆಳಗೆ ಬೆರಳು ಹಿಡಿದೆ. ಉಸಿರು ಬರುತ್ತಿತ್ತು. ಬೆರಳಿಗೆ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ. ಅಂಗಾಲು ಚಿವುಟಿದೆ. ಕಿರುಚಿಕೊಂಡು ಎದ್ದಿತು. ಸಮಾಧಾನ ಮಾಡಿ ಮಲಗಿಸಿದೆ, ಹತ್ತು ನಿಮಿಷಕ್ಕೆ ಮತ್ತೆ ಹೋಗಿ ಚಿವುಟಿದೆ. ಮಂಗಳವಾರ ಐದು ಸಲ. ಬುಧವಾರ ಎಷ್ಟು ಸಲವೋ ತಿಳಿಯದು. ಬುಧವಾರ ರಜನಿ ಬೇಗ ಬಂದವಳು ನೋಡಿಬಿಟ್ಟಳು. “ಅತ್ತೆ, ಮಲಗಿರೋ ಮಗೂನ ಯಾಕೆ ಎಬ್ಬಿಸ್ತೀರ? ಬೇಜಾರಾದ್ರೆ ಟಿವಿ ಹಾಕ್ಕೊಳ್ಳಿ” ಎಂದಳು. ಹಗಲು ಅಷ್ಟು ಹೊತ್ತು ಮಲಗಿದರೆ ಮಕ್ಕಳು ಮಂಕಾಗುತ್ತವೆ, ನೀನು ಓದಿದ ಪುಸ್ತಕದಲ್ಲಿ ಅದೆಲ್ಲ ಇಲ್ಲ ಎಂದು ಅವಳಿಗೇ ಬೈದೆ.

ಇನ್ನೊಂದು ಇದೆ. ಮನೆ ಮಾಲೀಕರು ಮಹಡಿಯ ಮೇಲಿದ್ದಾರೆ, ಪಂಚಾಕ್ಷರಪ್ಪ ಎಂದು, ಗೊಬ್ಬರದ ಅಂಗಡಿಯವರು. ಅವರ ಹೆಂಡತಿ ರಾಜೇಶ್ವರಮ್ಮ ದಿನಾ ಹತ್ತು ಗಂಟೆಗೆ ಪೂಜೆಗೆ ಗಂಧ ತೇಯುತ್ತಾರೆ. ಕಲ್ಲಿನ ಮೇಲೆ ಗರ ಗರ ಎಂದು ಸುತ್ತುವ ಸದ್ದು ಕೆಳಗೆ ನನ್ನ ಅಡುಗೆಮನೆಗೆ ಇಳಿಯುತ್ತದೆ. ಸೊಪ್ಪು ಹೆಚ್ಚುತ್ತಿರುತ್ತೇನೆ, ಕತ್ತಿ ತಾನಾಗಿ ನಿಲ್ಲುತ್ತದೆ. ನೋಡಿದರೆ ನನ್ನ ಬಲಗೈ ನೆಲದ ಮೇಲೆ ಸುತ್ತುತ್ತಿರುತ್ತದೆ. ನಾನು ಸುತ್ತಿಸುತ್ತಿಲ್ಲ. ಎಡಗೈಯಿಂದ ಹಿಡಿದು ನಿಲ್ಲಿಸಬೇಕು.

ನಿನ್ನೆ ಗುರುವಾರ ಮಗು ಒಂದೇ ಸಮನೆ ಅತ್ತಿತು. ಅಳದೆ ಏನು ಮಾಡುತ್ತದೆ? ಮೂರು ದಿನದಿಂದ ನಾನು ಅದಕ್ಕೆ ನಿದ್ದೆ ಕೊಟ್ಟಿಲ್ಲ. ರಾಜೇಶ್ವರಮ್ಮ ಮೆಟ್ಟಿಲಿಳಿದು ಬಂದರು. “ಯಾಕ್ರಿ ಬಂಗಾರಮ್ಮ, ಕೂಸು ಹಿಂಗ್ ಅಳಾಕತ್ತೈತಿ? ನಿದ್ದಿ ಇಲ್ಲ ಅದಕ್ಕ. ತಡೀರಿ, ಜಾಯಿಕಾಯಿ ಒಂದ್ ಸುತ್ತು ತೇದು ತರ್ತೀನಿ” ಎಂದು ನಾನು ಬೇಡ ಎನ್ನುವುದರೊಳಗೆ ಮೇಲೆ ಹೋದರು. ಮತ್ತೆ ಆ ಸದ್ದು. ಬೆಳ್ಳಿ ಒಳಲೆಯಲ್ಲಿ ತಂದು ಮಗುವಿನ ಬಾಯಿಗೆ ಹಿಡಿಯಲು ಬಗ್ಗಿದರು. ನಾನು ಹೊಡೆದೆ. ಒಳಲೆ ಗೋಡೆಗೆ ಬಡಿದು ಬಾಗಿತು. “ಮಗೂನ ಕೊಲ್ಲಾಕೆ ಬಂದ್ಯೇನೆ” ಎಂದು ಕೂಗಿದೆ. ಆ ಹೆಂಗಸು ಕೈ ಹಿಡಿದುಕೊಂಡು ಅಲ್ಲೇ ಕುಸಿದರು. “ನಾ ಮೂರು ಮಕ್ಕಳನ್ನ ಹಿಂಗೇ ಬೆಳ್ಸೀನ್ರಿ, ನನಗ ಇಂಥಾ ಮಾತಾ?” ಎಂದು ಅತ್ತರು.

ಸಂಜೆ ಚೌಡೇಶ ಬಂದಾಗ ಪಂಚಾಕ್ಷರಪ್ಪ ಗೇಟಿನ ಹತ್ತಿರವೇ ಕಾದಿದ್ದರು. ಕೂಗಾಡಲಿಲ್ಲ, ಅದೇ ಹೆಚ್ಚು ನೋವಾಯಿತು. “ನಮ್ಮನಿಯಾಕಿಗೆ ಕೊಲೆಗಾತಿ ಅಂದ್ರಂತ ನಿಮ್ಮ ತಾಯಿ. ಬಾಡಿಗಿ ಮನಿ ನಿಮಗ ಎಲ್ಲಿ ಬೇಕಾದ್ರೂ ಸಿಗತೈತ್ರಿ, ಆ ಮಾತು ವಾಪಸ್ ಸಿಗಂಗಿಲ್ಲ” ಎಂದರಂತೆ. ಚೌಡೇಶ ಒಳಗೆ ಬಂದು ಬೂಟು ಬಿಚ್ಚದೆ ನಿಂತು, “ಅವ್ವ, ಮೇಲೆ ಹೋಗಿ ಕಾಲು ಹಿಡಿ. ಇಲ್ಲ ಕುಬಟೂರಿನ ಬಸ್ ಹತ್ತು. ಎರಡರಲ್ಲಿ ಒಂದು” ಎಂದ. ನಾನು ಕೂತಲ್ಲಿಂದ ಏಳಲಿಲ್ಲ. ಬಾಯಿ ತೆರೆದೆ. ಬೈಗುಳ ಬರುತ್ತದೆ ಅಂದುಕೊಂಡಿದ್ದೆ, ಸುಮಿತ್ರಳ ಹೆಸರು ಬಂತು.

ಅವರಿಗೆ ಹೇಳಿದ್ದನ್ನು ನಿನಗೂ ಬರೆಯುತ್ತೇನೆ. ಮೊದಲು ಕೇಳಬೇಕಾದವಳು ನೀನು.

ಆ ದಿನ ಕೆಳಗಿನ ಗದ್ದೆ ಕೊಯ್ಯುವುದಿತ್ತು. ಆಳು ಬಂದವರು ಇಬ್ಬರೇ. ಹಲ್ಲು ಬರುತ್ತಿದ್ದದ್ದಕ್ಕೆ ಮಗು ಎರಡು ದಿನದಿಂದ ಅಳುತ್ತಿತ್ತು. ಅತ್ತೆ ದಿನಾ ಬೆಳಗ್ಗೆ ಕಲ್ಲಿನ ಮೇಲೆ ಬಜೆ ಎರಡು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಒಂದೇ ಸುತ್ತು ತೇದು ಕುಡಿಸುತ್ತಿದ್ದಳು. ಜಾಯಿಕಾಯಿ ನಿದ್ದೆಗೆ, ಅದನ್ನು ಮಾತ್ರ ಒಂದಕ್ಕೆ ಎರಡು ಮಾಡಬೇಡ ಎಂದು ನನಗೆ ನೂರು ಸಲ ಹೇಳಿದ್ದಳು. ಅವತ್ತು ಅವಳು ದನ ಹೊಡೆದುಕೊಂಡು ಹೋಗಿದ್ದಳು. ನಾನು ಕಲ್ಲು ಇಟ್ಟುಕೊಂಡು ಜಾಯಿಕಾಯಿ ಒಂದನ್ನೇ ತೇದೆ. ಸುತ್ತು ಎಣಿಸಲಿಲ್ಲ. ಎದೆಹಾಲು ಹಿಂಡಿ ತೇದೆ, ಮತ್ತೆ ಹಿಂಡಿ ತೇದೆ. ಕಾಯಿ ಅರ್ಧವಾಯಿತು. ಒಳಲೆಯಲ್ಲಿ ಮೂರು ಸಲ ಹುಯ್ದೆ, ಮಗು ಉಗುಳಿದರೆ ಮೂಗು ಹಿಡಿದೆ. ಸಿಟ್ಟು. ಹಾಲು ಕುಡಿಯುವ ಮಗುವಿನ ಮೇಲೆ ನನಗೆ ಸಿಟ್ಟು. ಮಲಗಿ ಸಾಯಿ ಎಂದೆ. ಎಲ್ಲ ತಾಯಂದಿರೂ ಅನ್ನುವ ಮಾತೇ ಅದು. ನನ್ನ ಮಗು ಕೇಳಿಬಿಟ್ಟಿತು.

ನೀನು ಕೊಯ್ಲಿಗೆ ಸಹಾಯವಾಗಲೆಂದು ತವರಿಗೆ ಬಂದಿದ್ದೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಜೋಲಿಯೊಳಗೆ ಬಗ್ಗಿ ನೋಡಿ, “ಅತ್ಗೆ, ಎಷ್ಟು ಚೆಂದ ಮಲಗೈತೆ ನೋಡೆ ಮಾರಾಯ್ತಿ, ಗೊಂಬೆ ಇದ್ದಂಗೆ” ಎಂದೆ. ನಾನು ಮಗುವನ್ನು ನಿನಗೆ ಬಿಟ್ಟು, ಕುಡುಗೋಲು ತೆಗೆದುಕೊಂಡು ನಿಶ್ಚಿಂತೆಯಾಗಿ ಗದ್ದೆಗೆ ಹೋದೆ. ಬಿಸಿಲು ನೆತ್ತಿಗೆ ಬಂದಾಗ ನೀನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬದುವಿನ ಮೇಲೆ ಓಡಿ ಬಂದೆ. ಕಾಲು ಜಾರಿ ಕೆಸರಿಗೆ ಬಿದ್ದರೂ ಮಗುವನ್ನು ಮೇಲೆ ಎತ್ತಿ ಹಿಡಿದಿದ್ದೆ.

ಬಂಜೆಯ ಕಣ್ಣು ಬಿತ್ತು ಎಂದು ಅತ್ತೆ ಅಂದಳು. ಹೆತ್ತ ಮಗಳಿಗೆ ಅಂದಳು. ಅತ್ತೆ ಅಂದದ್ದನ್ನು ಊರು ಅಂದಿತು. ನಿನ್ನ ಅಣ್ಣ ಮೂರನೇ ದಿನಕ್ಕೆ ಗಾಡಿ ಕಟ್ಟಿ ನಿನ್ನನ್ನು ಉಳವಿಗೆ ಬಿಟ್ಟು ಬಂದರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಉಳಿದ ಅರ್ಧ ಕಾಯಿ ನನ್ನ ಸೆರಗಿನ ಗಂಟಿನಲ್ಲಿತ್ತು. ಕೆರೆಗೆ ಎಸೆಯುವ ಧೈರ್ಯ ಬರಲು ಒಂದು ತಿಂಗಳು ಬೇಕಾಯಿತು.

ಅದಾಗಿ ಎಂಟು ವರ್ಷಕ್ಕೆ ಚೌಡೇಶ ಹುಟ್ಟಿದ. ತೊಟ್ಟಿಲಿನಲ್ಲಿ ಮಲಗಿಸಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನೀನು ಕರೆಯದೆ ಬಂದೆ, ಬೆಳ್ಳಿ ಉಡಿದಾರ ತಂದಿದ್ದೆ. ಅಂಗಳದಲ್ಲೇ ನಿಲ್ಲಿಸಿದರು. ಒಳಗೆ ಯಾರೋ ದೂರದ ನೆಂಟಳು ನಿನ್ನ ಜಾಗದಲ್ಲಿ ಬಗ್ಗಿ ಹೆಸರು ಹೇಳಿದಳು. ನಾನು ಕಿಟಕಿಯ ಸರಳಿನ ಸಂದಿಯಿಂದ ನಿನ್ನನ್ನು ನೋಡಿದೆ. ನೀನೂ ನೋಡಿದೆ. ಕರಿಯಣ್ಣ ತೀರಿಕೊಂಡಾಗ ಉಳವಿಗೆ ಬಂದೆನಲ್ಲ, ಗಂಡನನ್ನು ಕಳೆದುಕೊಂಡು ಕೂತ ನಿನ್ನ ಮನೆಯಲ್ಲಿ ನೀರೂ ಕುಡಿಯಬೇಡ ಎಂದು ಬಸ್ಸಿನಲ್ಲೇ ಮಗನಿಗೆ ಹೇಳಿ ಕರೆತಂದಿದ್ದೆ. ಸುಳ್ಳನ್ನು ಅಷ್ಟು ವರ್ಷ ಸಾಕಿದರೆ ಅದು ನಮ್ಮನ್ನೇ ಆಳಲು ಶುರು ಮಾಡುತ್ತದೆ.

ನಾನು ಹೇಳಿ ಮುಗಿಸಿದ ಮೇಲೆ ಚೌಡೇಶ ಎದ್ದು ಹೊರಗೆ ಹೋದ. ಇಲ್ಲಿಯವರೆಗೆ ನನ್ನ ಜೊತೆ ಮಾತಾಡಿಲ್ಲ. ಜಾಯಿಕಾಯಿಯಿಂದಲೇ ಹೋಯಿತೋ ಬೇರೆ ಏನಾದರೂ ಇತ್ತೋ ಈಗ ಯಾರೂ ಹೇಳೋಕಾಗಲ್ಲ ಎಂದು ರಜನಿ ಮೊದಲು ನನಗೇ ಸಮಾಧಾನ ಹೇಳಿದಳು. ಆಮೇಲೆ, “ಹಂಗಾದ್ರೆ ಉಳವಿ ಅತ್ತೆ ಏನ್ ತಪ್ಪು ಮಾಡಿದ್ರು?” ಎಂದು ಕೇಳಿದಳು. ನಾನು ಎದ್ದು ಅವಳ ಹತ್ತಿರ ಬರೆಯುವ ಹಾಳೆ ಕೇಳಿದೆ.

ಇವತ್ತು ಬೆಳಗ್ಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಇನ್ನು ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ ಎಂದುಕೊಂಡೆ. ಕೊಟ್ಟಳು. ಗೇಟಿನವರೆಗೆ ಮೂರು ಸಲ ತಿರುಗಿ ನೋಡಿದಳು. ನೋಡಲಿ. ನಾನು ಮಗುವನ್ನು ಎತ್ತಿಕೊಂಡು ಮೇಲೆ ಹೋಗಿ ರಾಜೇಶ್ವರಮ್ಮನ ಕಾಲಿಗೆ ಬಗ್ಗಿದೆ. “ಬ್ಯಾಡ್ರಿ, ನೀವು ದೊಡ್ಡೋರು” ಎಂದು ಅವರು ಹಿಂದೆ ಸರಿದರು. ಕ್ಷಮಿಸಿದರೋ, ಮುಟ್ಟಿಸಿಕೊಳ್ಳಲು ಮನಸ್ಸಾಗಲಿಲ್ಲವೋ ಗೊತ್ತಿಲ್ಲ. ಇವತ್ತು ಅವರು ಗಂಧ ತೇಯಲಿಲ್ಲ. ಮಹಡಿ ಸುಮ್ಮನಿದೆ. ನನಗೆ ಮಾತ್ರ ಕಲ್ಲು ಸುತ್ತುವುದು ಕೇಳುತ್ತಲೇ ಇದೆ, ಇದನ್ನು ಬರೆಯುವಾಗಲೂ. ಮಗು ಪಕ್ಕದಲ್ಲೇ ಮಲಗಿದೆ. ಒಂದು ಗಂಟೆಯಾಯಿತು, ನಾನು ಎಬ್ಬಿಸಿಲ್ಲ. ಎಡಗೈ ಅದರ ಎದೆಯ ಮೇಲಿದೆ, ಅದಕ್ಕೇ ಅಕ್ಷರ ಓರೆಯಾಗಿದೆ.

ಈಗ ಕೇಳಬೇಕಾದದ್ದು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಮಗುವಿಗೆ ಕಿವಿ ಚುಚ್ಚಿಸುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚುವುದು ಪದ್ಧತಿ. ರಜನಿ ತನ್ನ ತಮ್ಮ ನವೀನನಿಗೆ ಫೋನ್ ಮಾಡಿ, ನೀನು ಪಕ್ಕದಲ್ಲಿ ನಿಂತ್ಕೋ, ಮಗು ಉಳವಿ ಅತ್ತೆ ತೊಡೆ ಮೇಲೆ ಕೂರುತ್ತೆ ಎಂದು ಹೇಳಿಬಿಟ್ಟಿದ್ದಾಳೆ. ಒದೆಸಿಕೊಳ್ಳೋದು ತಪ್ಪಿತು ಎಂದು ಅವನಿಗೆ ಖುಷಿಯಂತೆ. ಈ ಕಾಗದವನ್ನು ಚೌಡೇಶ ಇವತ್ತು ಸಂಜೆ ತಾನೇ ತರುತ್ತಾನೆ ಎಂದು ರಜನಿ ಹೇಳಿದಳು. ಭಾನುವಾರ ಬೆಳಗ್ಗೆ ಏಳಕ್ಕೆ ಕಾರು ಮಾಡಿಕೊಂಡು ಮತ್ತೆ ಬರುತ್ತಾನೆ. ನನ್ನ ಜೊತೆ ಆಡದ ಮಾತನ್ನು ನಿನ್ನ ಜೊತೆ ಆಡಲಿ. ಅವನಿಗೆ ಕುಡಿಯಲು ಏನಾದರೂ ಕೊಡು.

ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಆದರೂ ಬಾ. ನನಗೋಸ್ಕರ ಬೇಡ, ನಾನು ಆ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುತ್ತೇನೆ. ಒಂದು ಮಗುವನ್ನು ಎಲ್ಲರೆದುರು ನಿನ್ನ ತೊಡೆಯ ಮೇಲೆ ಕೂರಿಸಿಕೊಳ್ಳಲು ಬಾ.

ಇಂತಿ,
ಇನ್ನೂ ಅತ್ತಿಗೆ ಎಂದು ಕರೆಯಲು ನಿನಗೆ ಮನಸ್ಸಿದ್ದರೆ, ನಿನ್ನ ಅತ್ತಿಗೆ
ಬಂಗಾರಮ್ಮ

ತಾ.ಕ.: ಅಂಟಿಸಿದ ಕವರನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಬಂಜೆಯ ಕಣ್ಣು ಎಂದು ಅತ್ತೆ ಅಂದಳು ಎಂದು ಮೇಲೆ ಬರೆದಿದ್ದೇನೆ. ಅತ್ತೆ ಅಂದದ್ದು ಆಮೇಲೆ. ಮೊದಲು ಅಂದವಳು ನಾನು. ನೀನು ಬದುವಿನ ಮೇಲೆ ಓಡಿ ಬರುತ್ತಿದ್ದೆ, ಇನ್ನೂ ದೂರದಲ್ಲಿದ್ದೆ, ಮಗುವಿಗೆ ಏನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಅಷ್ಟರಲ್ಲೇ ನಾನು ಕುಡುಗೋಲು ಬಿಸಾಕಿ, ಈ ಬಂಜೆ ನನ್ನ ಮಗೂನ ನೋಡಿ ನೋಡಿ ತಿಂದಳು ಎಂದು ಗದ್ದೆಯ ಆಳುಗಳೆದುರು ಕೂಗಿದೆ. ಯಾಕೆಂದರೆ ಏನಾಗಿದೆ ಎಂದು ನನಗೆ ಗೊತ್ತಿತ್ತು. ನಿನ್ನೆ ಚೌಡೇಶನಿಗೂ ರಜನಿಗೂ ಇದೊಂದನ್ನು ಹೇಳಲಾಗಲಿಲ್ಲ. ಭಾನುವಾರ ನೀನು ಬಂದರೆ, ಮಗುವನ್ನು ಕೂರಿಸಿಕೊಳ್ಳುವ ಮೊದಲು ಇದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು. ಬರದಿದ್ದರೆ ಈ ಹಾಳೆಯನ್ನು ಮಡಚದೆ ಚೌಡೇಶನ ಕೈಗೆ ಕೊಟ್ಟು ಕಳಿಸು.