ಬಾಲ್ಕನಿಯ ನಿತ್ಯಪುಷ್ಪ

ಜೂನ್ 9, ಸೋಮವಾರ

ಲ್ಯಾಬಿಗೆ ಅರ್ಧ ದಿನ ರಜೆ. ಅಮ್ಮನಿಗೆ ಎರಡನೇ ಕೀಮೋ. ಕುತ್ತಿಗೆಯ ಗಡ್ಡೆ ಕರಗುತ್ತಿದೆಯಂತೆ. ಆದರೂ ಸೂಜಿ ಕಂಡರೆ ಅಳು. ಧೈರ್ಯ ಬರಲಿ ಅಂತ ಹೇಳಿದೆ — ಈ ಡ್ರಿಪ್ಪಿನ ಔಷಧಿ ತೆಗೆಯುವುದು ನಮ್ಮ ಬಾಲ್ಕನಿಯ ನಿತ್ಯಪುಷ್ಪದಂಥ ಗಿಡದಿಂದಲೇ.

"ದಿನಾ ದೇವರಿಗೆ ಏರಿಸ್ತೀನಲ್ಲೇ, ಅದಾ?"

ವಾಪಸ್ ಆಟೋ ಬನಶಂಕರಿಯ ಮನೆ ತಲುಪುವವರೆಗೂ ಅಮ್ಮನದು ಅದೇ ಮಾತು. ಗಿಡಗಳಲ್ಲಿ ಕ್ಯಾನ್ಸರಿಗೆ ಮದ್ದು ಹುಡುಕುವ ಕೆಲಸ ನನ್ನದು. ಇಷ್ಟು ವರ್ಷಕ್ಕೆ ಅಮ್ಮನಿಗೆ ಅದು ಅರ್ಥವಾಯಿತಲ್ಲ… ಖುಷಿಯಾಯಿತು.

ಜೂನ್ 30

ಮೂರನೇ ಕೀಮೋ. ಬಿಳಿ ರಕ್ತಕಣದ ಕೌಂಟ್ ಕಡಿಮೆ, ಆದರೂ ಕೊಟ್ಟರು. ಅಮ್ಮನ ಬೆರಳೆಲ್ಲ ಜೋಮು. ಹೂ ಕಟ್ಟಲು ಕೂತರೆ ದಾರ ಜಾರುತ್ತದೆ.

"ಬೇರೆ ಏನಾದ್ರೂ ಕೊಡ್ತಿದ್ದೀರಾ ಮೇಡಂ? ಕಷಾಯ, ಗಿಡಮೂಲಿಕೆ?" ಡಾಕ್ಟರ ಪ್ರಶ್ನೆ.

"ಇಲ್ಲ ಸಾರ್. ನಾನೇ ಈ ಫೀಲ್ಡಲ್ಲಿರೋದು." ಕೊಂಚ ಜಂಬದಿಂದಲೇ ಅಂದೆ.

ಜುಲೈ 16, ಬುಧವಾರ, ಬೆಳಿಗ್ಗೆ

ಅಮ್ಮನಿಗೆ ನಿನ್ನೆಯಿಂದ ಜ್ವರ. ಅಡ್ಮಿಟ್. ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೀರೆ ಒಯ್ಯಲು ಮನೆಗೆ ಬಂದೆ. ದೀಪ ಹಚ್ಚೋಣ ಅಂತ ಹೋದರೆ — ಪಂಚಪಾತ್ರೆಯ ನೀರು ಹಸಿರು. ತುಳಸಿ ಅಲ್ಲ. ನಿತ್ಯಪುಷ್ಪದ ಎಲೆ, ಜಜ್ಜಿದ್ದು. ಬಾಲ್ಕನಿಗೆ ಓಡಿದೆ. ಗಿಡ ಬೋಳು, ತುದಿಯಲ್ಲಿ ಹೂ ಮಾತ್ರ.

ದಿನಾ ತೀರ್ಥ ಅಂತ ಇದನ್ನೇ ಕುಡಿದಿದ್ದಾಳೆ. ಡ್ರಿಪ್ಪಿನ ಮೇಲೆ ಇದೂ. ಒಂದೊಂದು ಎಲೆಯಲ್ಲಿ ಎಷ್ಟು ವಿಷವೋ, ಯಾರಿಗೆ ಗೊತ್ತು? ಮೈಕ್ರೋಗ್ರಾಂ ತೂಗುವವಳು ನಾನು!

ಗಿಡ ಕಿತ್ತೆಸೆದೆ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬ

ಕಲಶ ಇಡಲಿಲ್ಲ. ಮತ್ತೆ ಅದೇ ವಾರ್ಡು. ಕೌಂಟ್ ಏರಲೇ ಇಲ್ಲ, ಕೀಮೋ ನಿಂತಿತು, ಗಡ್ಡೆ ಮತ್ತೆ ಬೆಳೆಯಿತು. "ಇನ್ನು ನೋವಿಲ್ಲದ ಹಾಗೆ ನೋಡ್ಕೊಳ್ಳೋಣ ಮೇಡಂ" ಅಂದರು ಡಾಕ್ಟರು.

ಅಮ್ಮ ಸನ್ನೆ ಮಾಡಿ ಹತ್ತಿರ ಕರೆದಳು. "ತೀರ್ಥ ತಂದ್ಯಾ? ಅದು ತಪ್ಪಿದ ಮೇಲೇ ಕಣೇ ಗಡ್ಡೆ ಮತ್ತೆ ಬಂದಿದ್ದು. ಔಷಧಿ ಅದರಲ್ಲೇ ಇದೆ ಅಂತ ನೀನೇ ಹೇಳಿದ್ಯಲ್ಲ."

ಅಮ್ಮ ಹೀಗಾಗಿದ್ದೇ ಅದರಿಂದ ಅಂತ ಗೊತ್ತಿದ್ದೂ, ಬಾಟಲಿ ನೀರನ್ನೇ ತೀರ್ಥ ಅಂದೆ. ಬಲಗೈ ಒಡ್ಡಿದಳು. ಬೆರಳು ಕೂಡುತ್ತಿಲ್ಲ. ಹಾಕಿದ್ದೆಲ್ಲ ಸೋರಿ ಹಾಸಿಗೆಗೆ ಬಿತ್ತು.