ಉಪ್ಪಿಲ್ಲದ ಗಂಜಿ

ಮಂಗಳೂರು
೨೪-೪-೨೦೨೪

ಪ್ರೀತಿಯ ಉಮಾವತಿ ಅಕ್ಕನಿಗೆ,

ಯಶ್ಮಿತಾಳ ನಮಸ್ಕಾರಗಳು. ನಿಮ್ಮ ಮೊಣಕಾಲಿನ ಆಪರೇಷನ್ ಗಾಯ ಮಾಯುತ್ತಿರಬಹುದು. ಆರು ದಿನಗಳಿಂದ ನೀವು ಫೋನ್ ಮಾಡಿದಾಗಲೆಲ್ಲ "ಹುಷಾರಾಗ್ತಾರೆ ಅಕ್ಕ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಕ್ಷಮಿಸಿ. ಬಾಯಲ್ಲಿ ಬಾರದ್ದನ್ನು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಿಮ್ಮ ತಮ್ಮನಿಗೆ ಬೈಕಂಪಾಡಿಯ ಕಾರ್ಖಾನೆಯಲ್ಲಿ ಈ ತಿಂಗಳು ಕುಲುಮೆಯ ಪಕ್ಕದ ಕೆಲಸ. ಬನಿಯನ್ ಹಿಂಡಿದರೆ ಬೆವರು ಸುರಿಯುತ್ತಿತ್ತು. ಬಿಪಿ ಉಂಟೆಂದು ಯಾರೋ ಹೆದರಿಸಿದ ಮೇಲೆ "ಗಂಜಿಗೂ ಉಪ್ಪು ಹಾಕ್ಬೇಡ ಮಾರಾಯ್ತಿ" ಎಂದರು. ನಾನೂ ಹಾಕಲಿಲ್ಲ. ಬಾಯಾರಿಕೆಗೆ ಬಾಟಲಿಗಟ್ಟಲೆ ಬರೀ ನೀರು.

ಕಳೆದ ಗುರುವಾರ ಸಂಜೆ ಕೆಲಸದಿಂದ ಬಂದವರು ಮನೆ ಬಾಗಿಲಲ್ಲೇ ಬಿದ್ದರು, ಫಿಟ್ಸ್ ಬಂತು. ಪಕ್ಕದ ಮನೆಯ ಅಬೂಬಕ್ಕರಣ್ಣ ತಮ್ಮ ರಿಕ್ಷಾದಲ್ಲಿ ಮಲಗಿಸಿಕೊಂಡರು. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಾಗ ಇಳಿದು, ಕೈಮುಗಿದು ದಾರಿ ಬಿಡಿಸಿದರು.

"ಕೌಶಲ್ ಅವರ ಬೆವರಲ್ಲಿ ಉಪ್ಪು ಹೋಗಿದೆ, ಮೇಲಿಂದ ಬರೀ ನೀರು. ರಕ್ತದಲ್ಲಿ ಸೋಡಿಯಂ ನೂರ ಮೂವತ್ತೈದಾದ್ರೂ ಇರ್ಬೇಕು, ಇವರಿಗೆ ನೂರ ಎಂಟು. ಮೆದುಳು ನೀರೆಳೆದು ಬಾತಿದೆ," ಎಂದರು ಡಾಕ್ಟರ್ ಸಫಿಯಾ.

"ಹಾಗಾದ್ರೆ ಬೇಗ ಉಪ್ಪು ಏರಿಸಿ ಡಾಕ್ಟ್ರೇ!"

"ಜೀವ ಉಳಿಯುವಷ್ಟು ಏರಿಸಿದ್ದೇವೆ. ಉಳಿದದ್ದು ನಿಧಾನ. ಅವಸರ ಮಾಡಿದ್ರೆ ಮೆದುಳಿಗೇ ಪೆಟ್ಟು ಬೀಳ್ತದೆ."

ಮನೆಯಲ್ಲಿ ಭರಣಿ ತುಂಬ ಉಪ್ಪು ಉಂಟು ಅಕ್ಕ. ನಾನು ಗಾಜಿನಾಚೆ ನಿಂತು ಡ್ರಿಪ್ಪಿನ ಹನಿ ಎಣಿಸುತ್ತಿದ್ದೆ. ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆಯುತ್ತಿದ್ದರು. ನೂರ ಹದಿಮೂರು. ನೂರ ಹದಿನಾಲ್ಕು. ಊರಿನ ಒಂದು ದೈವವನ್ನೂ ಬಿಡದೆ ಹರಕೆ ಹೊತ್ತೆ.

ನಾಲ್ಕನೆಯ ದಿನ ಕಣ್ಣು ಬಿಟ್ಟರು. ನನ್ನ ಗುರುತು ಹಿಡಿದರು. ಆದರೆ ಮಾತು ತೊದಲುತ್ತದೆ, ಲೋಟ ಹಿಡಿದರೆ ಕೈ ನಡುಗುತ್ತದೆ. ಪೂರ್ತಿ ಸರಿಯಾಗುತ್ತದೆಯೇ ಎಂದರೆ ಡಾಕ್ಟರ್ "ಈಗಲೇ ಹೇಳ್ಲಿಕ್ಕಾಗುದಿಲ್ಲ" ಎನ್ನುತ್ತಾರೆ.

ನಿಮ್ಮ ಆಶೀರ್ವಾದ ಅವರ ಮೇಲಿರಲಿ. ನೋಯುವ ಕಾಲಲ್ಲಿ ಹೊರಟು ಬರಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮ ಯಶ್ಮಿತಾ

ಇನ್ನೊಂದು ಮಾತು ಅಕ್ಕ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅವರು ಬಂದ ಕೂಡಲೇ ಬೀಳಲಿಲ್ಲ. ತೂರಾಡುತ್ತ ಬಂದರು, ಏನೇನೋ ಮಾತಾಡುತ್ತಿದ್ದರು. ಎರಡು ವರ್ಷದ ಹಿಂದೆ ಬಿಟ್ಟ ಕುಡಿತ ಮತ್ತೆ ಶುರುವಾಯಿತು ಅಂದುಕೊಂಡು ಮುಖದ ಮೇಲೇ ಬಾಗಿಲು ಹಾಕಿ ಚಿಲಕ ಜಡಿದೆ. "ಯಶೂ, ತಲೆ ಒಡೀತಾ ಉಂಟು, ತೆಗಿ" ಎಂದು ಮುಕ್ಕಾಲು ಗಂಟೆ ಬಡಿದರು. "ಅಮಲು ಇಳಿದ ಮೇಲೆ ಬನ್ನಿ" ಎಂದೆ. ಬಡಿಯುವುದು ನಿಂತ ಮೇಲೆ ತೆಗೆದೆ.

ಅವರಿಗೆ ಒಂದೂ ನೆನಪಿಲ್ಲ. ನೋಡಲು ಬಂದವರಿಗೆಲ್ಲ "ಇವಳೇ ನನ್ನನ್ನು ಉಳಿಸಿದ್ದು" ಎಂದು ತೊದಲುತ್ತ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಅವರನ್ನು ಎತ್ತಿ ಬೆಳೆಸಿದವರು ನೀವು. ಹೇಳಿಬಿಡಲೇ ಅಕ್ಕ?