ಎರಡನೆಯ ಬಿಳಿ ಬಂಡೆ

ಅಂಕೋಲಾ
2 ಫೆಬ್ರವರಿ 2025

ಪ್ರಿಯ ತಮ್ಮ ಭರತನಿಗೆ ಆಶೀರ್ವಾದ.

ಕಳೆದ ನವೆಂಬರ್ ಹದಿನಾಲ್ಕರಂದು ನಿನ್ನ ನಡಿಗೆ ಪ್ರವಾಸದ ಕಂಪನಿಯವರು ನಮ್ಮೂರ ದಕ್ಷಿಣದ ಗುಡ್ಡದಲ್ಲಿ ದಾರಿಯ ಗುರುತಿಗೆಂದು ಒಂದು ಬಂಡೆಗೆ ಬಿಳಿ ಬಣ್ಣ ಬಳಿದರು. ಡಿಸೆಂಬರ್ ಆರರ ಬೆಳಿಗ್ಗೆ, ಆ ಬಿಳಿಯನ್ನು ನಂಬಿ ಬಂದ ತಾಂಡೇಲ ಕುಪ್ಪನ ದೋಣಿ ಕಲ್ಲಿಗೆ ಬಡಿದು ಒಡೆಯಿತು. ಕುಪ್ಪ ಹೋದ. ನೀನು ಪತ್ರಿಕೆಯವರಿಗೆ ‘ತಾಂಡೇಲ ದಾರಿ ತಪ್ಪಿದ’ ಎಂದೆ.

ಇದನ್ನು ಮೊದಲು ಬರೆದುಬಿಟ್ಟೆ, ಕುಶಲ ಕೇಳುವುದು ಆಮೇಲಾಯಿತು. ನಿನ್ನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆಯೆಂದು ನಿನ್ನ ಹೆಂಡತಿ ಸುಗಂಧಾ ಫೋನಿನಲ್ಲಿ ಹೇಳಿದಳು, ಸಮಾಧಾನವಾಯಿತು. ಪತ್ರ ತಡವಾಯಿತು, ಕ್ಷಮಿಸು. ನಿಮ್ಮ ನಡಿಗೆಯಲ್ಲಿ ಎದ್ದ ಕಾಲಿನ ಬೊಕ್ಕೆ ಮಾಗಿದರೂ ಬರೆಯಲು ಕೈ ಏಳಲಿಲ್ಲ.

“ಅಕ್ಕಾ, ಏಳು ದಿನ ನಮ್ಮ ಜೊತೆ ನಡೆದು ನೋಡು, ಆಮೇಲೆ ಬೈ” ಅಂದಿದ್ದೆ ನೀನು. ಕಳೆದ ತಿಂಗಳು ನಡೆದೆ. ತಿಳಮಾತಿಯ ಕಪ್ಪು ಮರಳು, ಗುಡ್ಡೆಹಳ್ಳಿಯ ಏರು, ಅಮದಳ್ಳಿ ದಾಟಿದ ಮೇಲೆ ಕಡಲಂಚಿನ ಕಲ್ಲುದಾರಿ, ಎಲ್ಲ ಚೆಂದವೇ. ಆದರೆ ತಿರುವಿನಲ್ಲಿ ನಿಮ್ಮ ಬಿಳಿ ಗುರುತು ಕಂಡಾಗಲೆಲ್ಲ ನನಗೆ ಅಲೆಯ ಸದ್ದು ಕೇಳುತ್ತಿತ್ತು, ಕಡಲೇ ಕಾಣದ ಕಾಡಿನಲ್ಲೂ.

ಐದನೆಯ ದಿನ ಬೆಳಿಗ್ಗೆ ಮಂಜಿನಲ್ಲಿ ದಕ್ಷಿಣದ ಗುಡ್ಡದ ಆ ಬಂಡೆಯ ಹತ್ತಿರ ಬಂದೆವು. ನಿನಗೆ ನೆನಪಿರಲೇಬೇಕು: ಪ್ರತಿ ವರ್ಷ ಕಡಲ ಪೂಜೆಗೆ ಮುಂಚೆ ಮೀನುಗಾರರು ಉತ್ತರದ ಗುಡ್ಡದ ಒಂದೇ ಒಂದು ಬಂಡೆಗೆ ಸುಣ್ಣ ಬಳಿಯುತ್ತಾರೆ. ಆ ಬಿಳಿಗೆ ನೇರವಾಗಿ ದೋಣಿ ತಿರುಗಿಸಿದರೆ ನೀರೊಳಗಿನ ಕಲ್ಲು ತಪ್ಪುತ್ತದೆ. ನೀನೂ ಚಿಕ್ಕವನಿದ್ದಾಗ ಸುಣ್ಣದ ಬಾಲ್ದಿ ಹೊತ್ತಿದ್ದೆ. ನಮ್ಮ ತೀರದಲ್ಲಿ ಎರಡನೆಯ ಬಿಳಿ ಎಂದೂ ಇರಲಿಲ್ಲ. ಫೋಟೋದಲ್ಲಿ ದೂರಕ್ಕೂ ಕಾಣಲಿ ಎಂದು ನೀವು ಈ ಬಂಡೆಗೆ ಕಡಲಿನ ಕಡೆಗೇ ಬಳಿಸಿದಿರಿ.

ನಿನ್ನ ಗೈಡ್ ರೂಪೇಶ ಪ್ರವಾಸಿಗರಿಗೆ ಹೇಳಿದ್ದು ಬೇರೆ. “ಇಲ್ಲಿ ಮಂಜಿನಲ್ಲಿ ಒಂದು ಹೆಣ್ಣಿನ ದನಿ ಕರೀತದೆ. ಮೊನ್ನೆ ಒಬ್ಬ ತಾಂಡೇಲ ಅದ್ರ ಬೆನ್ನು ಹತ್ತಿ ದಾರಿ ತಪ್ದ.” ದೋಣಿ ನಡೆಸುವ ತಾಂಡೇಲನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಕುಪ್ಪನ ಹೆಂಡತಿ ಬೀರಿ ಮೀನಿನ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದಳು. ನಿಂತು ಎಲ್ಲ ಕೇಳಿಸಿಕೊಂಡು ಅಂದಳು:

“ಹೆಣ್ಣಿನ ದನಿ ಕೇಳೂ ಗಂಡಸಾಗಿದ್ರೆ ನಂದು ಕೇಳ್ತಿದ್ರಲ್ಲ ತಮ್ಮಾ. ಮೂವತ್ತು ವರ್ಷ ಕೂಗಿದ್ದೆ.”

ಪ್ರವಾಸಿಗರು ನಕ್ಕರು. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ರೂಪೇಶನಿಗೆ ಗೊತ್ತಿತ್ತು. ಅವನು ಚೀಲದ ಪಟ್ಟಿ ಸರಿಮಾಡುತ್ತ ನಿಂತ.

ಅಂದು ದೋಣಿಯಲ್ಲಿದ್ದು ಈಜಿ ಬದುಕಿದವನು ಬೀರಿಯ ತಮ್ಮ ಪುಟ್ಟು. ನಡಿಗೆ ಮುಗಿದ ಮೇಲೆ ಅವನ ಮನೆಗೆ ಹೋದೆ. “ಮಂಜಿನಲ್ಲಿ ಒಂದೇ ಬಿಳಿ ಕಂಡಿತು ಅಕ್ಕೋರೆ. ‘ಬಾವಾ, ನಮ್ದೋ, ಅವ್ರದ್ದೋ’ ಕೇಳ್ದೆ. ‘ನಮ್ದೇ’ ಅಂದ್ರು,” ಎಂದ. ಈಗ ಬೈತಖೋಲ ಬಂದರಿನಲ್ಲಿ ಯಾವ ಬೋಟಿನವರೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. “ಆ ಮಂಜಿನ ಹೆಣ್ಣು ಕರೆದದ್ದು ನಿಂಗೆ ಕೇಳ್ಲಿಲ್ವನೋ” ಎಂದು ಕೆಣಕುತ್ತಾರಂತೆ. ಬೀರಿ ಪರಿಹಾರ ಕೇಳುತ್ತಿಲ್ಲ. ಗಂಡ ದಾರಿ ತಪ್ಪಿದವನಲ್ಲ ಎಂದು ನಾಲ್ಕು ಜನರೆದುರು ಯಾರಾದರೂ ಹೇಳಬೇಕು, ಅಷ್ಟೇ.

ಮಂಜು ಬಿದ್ದ ಬೆಳಿಗ್ಗೆ ನಾನೀಗ ಕಿಟಕಿ ತೆರೆಯುವುದಿಲ್ಲ. ಎದುರುಮನೆಯ ಸುಣ್ಣದ ಗೋಡೆ ಮಸುಕಾಗಿ ಕಂಡರೂ ಸಾಕು, ‘ನಮ್ದೇ’ ಎಂದು ಯಾರೋ ಕಿವಿಯ ಹತ್ತಿರವೇ ಹೇಳಿದಂತಾಗುತ್ತದೆ.

ದೇವರು ನಿನಗೆ ಆಯುಷ್ಯ ಕೊಡಲಿ, ನಿಜ ಹೇಳುವ ಬಾಯನ್ನೂ ಕೊಡಲಿ.

ನಿನ್ನ ಅಕ್ಕ,
ನಾಗಶ್ರೀ

ತಾ.ಕ.: ಡಿಸೆಂಬರ್ ಎರಡರಂದು ಕುಪ್ಪ ನನ್ನ ಬಾಗಿಲಿಗೆ ಬಂದಿದ್ದ. ನಾನು ಕಲಿಸುತ್ತಿದ್ದ ಶಾಲೆಯನ್ನು ಎರಡನೆಯ ತರಗತಿಗೇ ಬಿಟ್ಟವನು. “ಆ ಬಿಳಿ ಅಳ್ಸೂಕೆ ನಿಮ್ಮ ತಮ್ಮಂಗೆ ಹೇಳಿ ಅಕ್ಕೋರೆ. ಮಂಜು ಬಂದ್ರೆ ಫಜೀತಿ” ಅಂದ. “ಬಾಯಿಮಾತು ಬೇಡ ಕುಪ್ಪಾ. ಅರ್ಜಿ ಬರೆಸಿಕೊಂಡು ಬಾ, ನಾನು ತಿದ್ದಿ ಕಳಿಸ್ತೇನೆ” ಅಂದೆ. ತಲೆಯಾಡಿಸಿ ಹೋದ. ನಾಲ್ಕು ದಿನ ಫೋನು ನನ್ನ ಕೈಯಲ್ಲೇ ಇತ್ತು, ನಿನಗೆ ಒಂದು ಕರೆ ಮಾಡಲಿಲ್ಲ. ಬರುವ ಭಾನುವಾರ ದೋಣಿ ಎಳೆಯುವ ಜಾಗದಲ್ಲಿ ಊರವರು ಸೇರುತ್ತಾರೆ. ನನ್ನ ತಪ್ಪನ್ನು ನಾನು ಹೇಳುತ್ತೇನೆ. ನೀನೂ ಬಂದು, ಬೀರಿಯ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಉತ್ತರ ಕೊಡಬೇಕು: ಆ ಬಂಡೆಗೆ ಬಿಳಿ ಬಳಿಸಿದವರು ಯಾರು, ಒಬ್ಬ ಸತ್ತ ಮೇಲೂ ಅದನ್ನು ಅಳಿಸದೆ ಬಿಟ್ಟಿರುವುದು ಯಾಕೆ?